ವಿಮಾನ ನಿಲ್ದಾಣದ ನೆರೆಯಲ್ಲಿ ವಾಸ: ಸದ್ದನ್ನು ಅರಿತು, ಅಳೆದು, ತಡೆಯುವ ಸಮಗ್ರ ಮಾರ್ಗದರ್ಶಿ

ನಗರಕ್ಕೆ ಅಂಟಿಕೊಂಡಂತಿರುವ ವಿಮಾನ ನಿಲ್ದಾಣದ ಬಳಿ ಮನೆ ಮಾಡಿದವರಿಗೆ ಸಿಗುವ ಮೊದಲ ಸಲಹೆ ‘ಸ್ವಲ್ಪ ದಿನ ತಾಳಿ, ಅಭ್ಯಾಸವಾಗುತ್ತದೆ’ ಎಂಬುದು. ಈ ಮಾತು ಅರ್ಧ ಮಾತ್ರ ನಿಜ. ಮನಸ್ಸು ಕ್ರಮೇಣ ಸದ್ದನ್ನು ಗಮನಿಸುವುದನ್ನು ಬಿಡುತ್ತದೆ, ರಾತ್ರಿ ಪೂರ್ತಿ ಎಚ್ಚರವಾಗುವ ಸಂದರ್ಭಗಳೂ ಕಡಿಮೆಯಾಗುತ್ತವೆ. ಆದರೆ ಮಲಗಿರುವ ದೇಹವು ವಿಮಾನ ಹಾದುಹೋದಾಗ ಹೃದಯ ಬಡಿತವನ್ನು ಏರಿಸಿ, ರಕ್ತನಾಳಗಳನ್ನು ಬಿಗಿಗೊಳಿಸಿ ಸ್ಪಂದಿಸುವುದು ವರ್ಷಗಳು ಕಳೆದರೂ ಪೂರ್ತಿಯಾಗಿ ನಿಲ್ಲುವುದಿಲ್ಲ ಎಂದು ನಿದ್ರೆಯ ಕುರಿತ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಕೈಕಟ್ಟಿ ಕೂರುವುದು ಸರಿಯಾದ ದಾರಿಯಲ್ಲ.

ಇಡೀ ಮನೆಯನ್ನು ನಿಶ್ಶಬ್ದಗೊಳಿಸಲು ಹೊರಡುವುದೂ ಅಷ್ಟೇ ತಪ್ಪು. ಅದಕ್ಕೆ ತಗಲುವ ವೆಚ್ಚ ದೊಡ್ಡದು, ಫಲ ಚದುರಿ ಹೋಗುತ್ತದೆ. ಈ ಮಾರ್ಗದರ್ಶಿಯ ಒಟ್ಟು ಸಲಹೆ ಇಷ್ಟು: ನಿಮ್ಮನ್ನು ಕಾಡುತ್ತಿರುವುದು ಯಾವ ಸದ್ದು, ಯಾವ ಹೊತ್ತಿನದು, ಮನೆಯೊಳಗೆ ಯಾವ ದಾರಿಯಲ್ಲಿ ಬರುತ್ತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಅನಂತರ ಮಲಗುವ ಕೋಣೆಯೊಂದನ್ನು ಆರಿಸಿಕೊಂಡು ಅದನ್ನು ಸರಿಯಾಗಿ ಭದ್ರಪಡಿಸಿ. ಉಳಿದ ಕೋಣೆಗಳ ವಿಚಾರ ಆಮೇಲೆ.

ಹೆಜ್ಜೆ 1: ಡೆಸಿಬೆಲ್ ಲೆಕ್ಕವನ್ನು ಅರ್ಥ ಮಾಡಿಕೊಳ್ಳಿ

ಡೆಸಿಬೆಲ್ ಎಂಬುದು ಮೀಟರ್ ಅಥವಾ ಕಿಲೋಗ್ರಾಂಗಳಂತೆ ನೇರವಾಗಿ ಕೂಡಿ ಕಳೆಯುವ ಅಳತೆಯಲ್ಲ. ಸದ್ದಿನ ಶಕ್ತಿ ಎರಡು ಪಟ್ಟಾದರೆ ಅಂಕಿ ಕೇವಲ 3 ಏರುತ್ತದೆ; ಹತ್ತು ಪಟ್ಟಾದರೆ 10 ಏರುತ್ತದೆ, ಮತ್ತು ಆ 10 ಡೆಸಿಬೆಲ್ ಏರಿಕೆ ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಇದರಿಂದ ಎರಡು ವಿಷಯಗಳು ಹೊರಡುತ್ತವೆ. ಒಂದು, 2 ಅಥವಾ 3 ಡೆಸಿಬೆಲ್ ಮಾತ್ರ ತಗ್ಗಿಸುವ ಯಾವುದೇ ಕಾಮಗಾರಿಗೆ ಹಣ ಹಾಕಿದರೆ ನಿಮಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡು, ನಿಲ್ದಾಣದಲ್ಲಿ ವಿಮಾನಗಳ ಸಂಖ್ಯೆ ದುಪ್ಪಟ್ಟಾದರೂ ದಿನದ ಸರಾಸರಿ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ‘ಸರಾಸರಿಯಲ್ಲಿ ಹೆಚ್ಚಿನ ಬದಲಾವಣೆಯಿಲ್ಲ’ ಎಂಬ ಅಧಿಕೃತ ವರದಿಯನ್ನು ಓದುವಾಗ ಈ ಲೆಕ್ಕ ನೆನಪಿರಬೇಕು.

ಸರಾಸರಿಯ ಅಳತೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಲ್-ಡೆನ್. ಇದು ಇಡೀ ದಿನದ ಸದ್ದನ್ನು ಒಂದೇ ಅಂಕಿಯಾಗಿ ಹೇಳುತ್ತದೆ. ಆದರೆ ಜನರಿಗೆ ಸಂಜೆ ಮತ್ತು ರಾತ್ರಿಯ ಸದ್ದು ಹೆಚ್ಚು ತೊಂದರೆ ಕೊಡುವುದರಿಂದ ಸಂಜೆಯ ಅಳತೆಗೆ 5, ರಾತ್ರಿಯ ಅಳತೆಗೆ 10 ಡೆಸಿಬೆಲ್ ಸೇರಿಸಿ ಲೆಕ್ಕ ಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವಿಮಾನದ ಸದ್ದು ಎಲ್-ಡೆನ್ ಲೆಕ್ಕದಲ್ಲಿ 45 ಡೆಸಿಬೆಲ್‌ಗಿಂತ, ರಾತ್ರಿಯ ಲೆಕ್ಕದಲ್ಲಿ 40 ಡೆಸಿಬೆಲ್‌ಗಿಂತ ಕಡಿಮೆ ಇರಬೇಕೆಂದು ಶಿಫಾರಸು ಮಾಡಿದೆ. ಅಮೆರಿಕದಂಥ ದೇಶಗಳಲ್ಲಿ ನೆರವಿನ ಯೋಜನೆಗಳಿಗೆ ಬಳಸುವ ಗೆರೆ 65 ಡೆಸಿಬೆಲ್. 45 ಮತ್ತು 65ರ ನಡುವಿನ ಈ ಅಂತರ ಎಷ್ಟು ದೊಡ್ಡದೆಂದರೆ, ಸರ್ಕಾರದ ನಕ್ಷೆಯಲ್ಲಿ ನಿಮ್ಮ ಮನೆ ‘ಬಾಧಿತ ವಲಯ’ದ ಹೊರಗಿದೆ ಎಂಬ ಮಾತ್ರಕ್ಕೆ ನಿಮಗೆ ತೊಂದರೆಯೇ ಇಲ್ಲವೆಂದು ಯಾರೂ ಹೇಳಲಾರರು.

ನನ್ನ ಅಭಿಪ್ರಾಯದಲ್ಲಿ ಸಾಮಾನ್ಯ ನಿವಾಸಿಗೆ ಸರಾಸರಿಗಿಂತ ಹೆಚ್ಚು ಉಪಯುಕ್ತವಾದದ್ದು ಎಣಿಕೆಯ ಅಳತೆ. ಆಸ್ಟ್ರೇಲಿಯಾದಲ್ಲಿ ರೂಢಿಗೆ ಬಂದ ‘ಎನ್70’ ಎಂಬುದು ದಿನಕ್ಕೆ ಎಷ್ಟು ಸಲ ಹೊರಗಿನ ಸದ್ದು 70 ಡೆಸಿಬೆಲ್ ದಾಟುತ್ತದೆ ಎಂದು ಹೇಳುತ್ತದೆ. ಕಿಟಕಿ ತೆರೆದ ಮನೆಯೊಳಗೆ ಇದು ಸುಮಾರು 60 ಡೆಸಿಬೆಲ್ ಆಗುತ್ತದೆ. ಮಾತುಕತೆಗೆ, ಫೋನ್ ಸಂಭಾಷಣೆಗೆ ಅಡ್ಡಿಯಾಗುವ ಮಟ್ಟ ಅದು. ಮನುಷ್ಯ ಅನುಭವಿಸುವುದು ಒಂದಾದ ಮೇಲೊಂದು ಬರುವ ವಿಮಾನಗಳನ್ನು, ಸರಾಸರಿಯನ್ನಲ್ಲ.

ಹೆಜ್ಜೆ 2: ತಲೆಯ ಮೇಲೆ ಏನು ಹಾರುತ್ತಿದೆ ಎಂದು ತಿಳಿಯಿರಿ

ವಿಮಾನಗಳು ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿ ಸಾಗುತ್ತವೆ. ಆದ್ದರಿಂದ ಗಾಳಿ ದಿಕ್ಕು ಬದಲಿಸಿದ ದಿನ ರನ್‌ವೇಯ ಬಳಕೆಯೂ ತಿರುಗುತ್ತದೆ. ನಿನ್ನೆಯವರೆಗೆ ಏರುವ ವಿಮಾನಗಳ ಕೆಳಗಿದ್ದ ಮನೆ ಇಂದು ಇಳಿಯುವ ವಿಮಾನಗಳ ಕೆಳಗಿರುತ್ತದೆ. ರನ್‌ವೇಯ ತುದಿಯಲ್ಲಿ ಬರೆದಿರುವ ಸಂಖ್ಯೆ ಅದರ ದಿಕ್ಸೂಚಿ ಕೋನದ ಹತ್ತನೇ ಒಂದು ಭಾಗ: 09 ಎಂದರೆ ವಿಮಾನ ಪೂರ್ವಕ್ಕೆ ಮುಖ ಮಾಡಿ ಓಡುತ್ತದೆ, 27 ಎಂದರೆ ಪಶ್ಚಿಮಕ್ಕೆ. ಇಷ್ಟು ತಿಳಿದಿದ್ದರೆ ಹವಾಮಾನ ಮುನ್ಸೂಚನೆಯಲ್ಲಿ ಗಾಳಿಯ ದಿಕ್ಕನ್ನು ನೋಡಿಯೇ ಮರುದಿನ ನಿಮ್ಮ ಬಡಾವಣೆಯ ಪಾಡು ಏನೆಂದು ಬಹುಮಟ್ಟಿಗೆ ಊಹಿಸಬಹುದು. ಊಹಿಸಬಲ್ಲ ಸದ್ದು ಅನಿರೀಕ್ಷಿತ ಸದ್ದಿಗಿಂತ ಕಡಿಮೆ ಕೆರಳಿಸುತ್ತದೆ. ಇದೂ ಒಂದು ಬಗೆಯ ಪರಿಹಾರವೇ.

ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ನೇರ ಗೆರೆ ಹಿಡಿದು ಬರುತ್ತದೆ. ಆ ಗೆರೆಯ ಕೆಳಗೆ ರನ್‌ವೇಯ ಆರಂಭದಿಂದ 2 ಕಿಲೋಮೀಟರ್ ದೂರದಲ್ಲಿ ವಿಮಾನದ ಎತ್ತರ ಸುಮಾರು 120 ಮೀಟರ್, 5 ಕಿಲೋಮೀಟರ್ ದೂರದಲ್ಲಿ ಸುಮಾರು 275 ಮೀಟರ್, 10 ಕಿಲೋಮೀಟರ್ ದೂರದಲ್ಲಿ ಸುಮಾರು 540 ಮೀಟರ್ ಇರುತ್ತದೆ. ಲಂಡನ್ ಸಿಟಿ ವಿಮಾನ ನಿಲ್ದಾಣದಂತೆ 5.5 ಡಿಗ್ರಿಯ ಕಡಿದಾದ ಇಳಿಜಾರನ್ನು ಬಳಸುವ ಕಡೆಗಳೂ ಇವೆ, ಆದರೆ ಅದಕ್ಕೆ ಅನುಮತಿ ಪಡೆದ ವಿಮಾನಗಳು ಮಾತ್ರ ಅಲ್ಲಿ ಇಳಿಯಬಲ್ಲವು. ಏರುವ ವಿಮಾನಗಳ ದಾರಿ ಹೀಗೆ ಒಂದೇ ಗೆರೆಯಲ್ಲಿರುವುದಿಲ್ಲ. ಅವು ತಿರುಗುತ್ತವೆ, ಹರಡುತ್ತವೆ, ಭಾರ ಹೆಚ್ಚಿದ್ದರೆ ನಿಧಾನವಾಗಿ ಏರುತ್ತವೆ. ಸುಡು ಬಿಸಿಲಿನ ದಿನ ಗಾಳಿ ತೆಳುವಾಗಿರುವುದರಿಂದ ಅದೇ ವಿಮಾನ ಅದೇ ಮನೆಯ ಮೇಲೆ ಇನ್ನಷ್ಟು ತಗ್ಗಿನಲ್ಲಿ ಹಾದುಹೋಗುತ್ತದೆ.

ಸದ್ದಿನ ಸ್ವರೂಪವೂ ಬೇರೆ ಬೇರೆ. ಏರುವಾಗ ಕೇಳುವುದು ಮುಖ್ಯವಾಗಿ ಎಂಜಿನ್ನಿನ ಗುಡುಗು. ತಗ್ಗು ಕಂಪನಾಂಕದ ಈ ಸದ್ದು ಗೋಡೆ ಗಾಜುಗಳನ್ನು ಸುಲಭವಾಗಿ ದಾಟುತ್ತದೆ. ಇಳಿಯುವಾಗ ಎಂಜಿನ್ ಕಡಿಮೆ ಶಕ್ತಿಯಲ್ಲಿರುತ್ತದೆ, ಆದರೆ ಹೊರಚಾಚಿದ ಚಕ್ರಗಳು ಮತ್ತು ರೆಕ್ಕೆಯ ಫ್ಲ್ಯಾಪ್‌ಗಳು ಗಾಳಿಯನ್ನು ಸೀಳುವ ಸದ್ದಿನ ಜೊತೆಗೆ ಕೀರಲು ದನಿಯೂ ಸೇರಿರುತ್ತದೆ. ಏರ್‌ಬಸ್ ಎ320 ಕುಟುಂಬದ ವಿಮಾನಗಳು ಸಮೀಪಿಸುವಾಗ ಕೇಳುವ ವಿಶಿಷ್ಟವಾದ ಊಳಿಗೆ ರೆಕ್ಕೆಯ ಕೆಳಗಿನ ಇಂಧನ ತೊಟ್ಟಿಯ ಸಣ್ಣ ರಂಧ್ರಗಳು ಕಾರಣ. ರಂಧ್ರದ ಮುಂದೆ ಒಂದು ಪುಟ್ಟ ಲೋಹದ ತುಣುಕನ್ನು ಅಳವಡಿಸಿದರೆ ಅದು ನಿಲ್ಲುತ್ತದೆ, ಮತ್ತು 2014ರಿಂದೀಚೆಗೆ ಹಲವು ವಿಮಾನಗಳಿಗೆ ಅದನ್ನು ಜೋಡಿಸಲಾಗಿದೆ. ಮೂರನೆಯದು ನೆಲದ ಸದ್ದು: ಇಳಿದ ಮೇಲೆ ವೇಗ ತಗ್ಗಿಸಲು ಎಂಜಿನ್ನನ್ನು ಹಿಮ್ಮುಖವಾಗಿ ಬಳಸುವುದು, ರಾತ್ರಿಯ ಎಂಜಿನ್ ಪರೀಕ್ಷೆ, ನಿಂತ ವಿಮಾನದ ಬಾಲದಲ್ಲಿ ಓಡುವ ಸಹಾಯಕ ಎಂಜಿನ್. ತಿಳಿಯಾದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಂಪಾಗಿ, ಸದ್ದು ಮೇಲಕ್ಕೆ ಚದುರದೆ ನೆಲದತ್ತಲೇ ಬಾಗುವುದರಿಂದ ದೂರದ ನೆಲದ ಸದ್ದೂ ಸ್ಪಷ್ಟವಾಗಿ ಕೇಳಿಸುತ್ತದೆ.

ಹೆಜ್ಜೆ 3: ಎರಡು ವಾರ ದಾಖಲೆ ಇಡಿ

ಏನನ್ನೂ ಕೊಳ್ಳುವ ಮೊದಲು ಎರಡು ವಾರಗಳ ದಾಖಲೆ ಮಾಡಿಕೊಳ್ಳುವುದು ಒಳ್ಳೆಯದು. ಒಂದು ವಾರದಲ್ಲಿ ಗಾಳಿ ದಿಕ್ಕು ಬದಲಿಸದೇ ಇರಬಹುದು, ಆದ್ದರಿಂದ ಎರಡು. ಮೊಬೈಲಿನ ಸದ್ದು ಅಳೆಯುವ ಆ್ಯಪ್ ಸಾಕು. ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ಕುರಿತು ಸಂಶೋಧನೆ ನಡೆಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಯಾಶ್ ಐಫೋನ್‌ಗಾಗಿ ಉಚಿತವಾಗಿ ಕೊಡುವ ಆ್ಯಪ್ ಈ ಬಗೆಯವುಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಮೊಬೈಲ್ ತೋರಿಸುವ ಅಂಕಿ ಪ್ರಮಾಣೀಕೃತ ಮೀಟರಿನ ಅಂಕಿಯಲ್ಲ, ಆದರೆ ಒಂದೇ ಫೋನನ್ನು ಒಂದೇ ಜಾಗದಲ್ಲಿ ಇಟ್ಟು ಅಳೆದರೆ ಕೋಣೆಯಿಂದ ಕೋಣೆಗೆ, ಕಾಮಗಾರಿಗೆ ಮೊದಲು ಮತ್ತು ಅನಂತರ ಇರುವ ವ್ಯತ್ಯಾಸವನ್ನು ಅದು ಚೆನ್ನಾಗಿಯೇ ತೋರಿಸುತ್ತದೆ. ಕಿವಿಗೆ ಹೊಂದಿಸಿದ ‘ಎ’ ಮಾಪನವನ್ನು ಆರಿಸಿ, ಪ್ರತಿ ಸಲದ ಗರಿಷ್ಠ ಅಂಕಿಯನ್ನು ಬರೆದುಕೊಳ್ಳಿ.

ಜೊತೆಗೆ ಫ್ಲೈಟ್‌ರೇಡಾರ್24ನಂಥ ಆ್ಯಪ್ ತೆರೆದು ಹಾದುಹೋದ ವಿಮಾನ ಯಾವುದು, ಏರುತ್ತಿತ್ತೇ ಇಳಿಯುತ್ತಿತ್ತೇ ಎಂದು ನೋಡಿ. ಇಲ್ಲೊಂದು ಎಚ್ಚರಿಕೆ: ಅಲ್ಲಿ ಕಾಣುವ ಎತ್ತರ ಸಮುದ್ರಮಟ್ಟವನ್ನು ಆಧರಿಸಿದ್ದು, ನಿಮ್ಮ ಛಾವಣಿಯಿಂದ ಅಳೆದದ್ದಲ್ಲ. ನಿಮ್ಮ ನೆಲದ ಎತ್ತರವನ್ನು ಅದರಿಂದ ಕಳೆಯಬೇಕು. ಗಾಳಿಯ ಒತ್ತಡಕ್ಕೆ ಅನುಗುಣವಾಗಿಯೂ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ‘ವಿಮಾನ ಕೇವಲ ಇಷ್ಟು ಅಡಿ ಎತ್ತರದಲ್ಲಿ ಹಾರಿತು’ ಎಂಬ ಎಷ್ಟೋ ದೂರುಗಳು ಈ ಒಂದು ಲೆಕ್ಕ ತಪ್ಪಿದ್ದರಿಂದಲೇ ಬಿದ್ದುಹೋಗುತ್ತವೆ.

ದಾಖಲೆಯಲ್ಲಿ ದಿನಾಂಕ, ಗಡಿಯಾರದ ಹೊತ್ತು, ಏರಿಕೆಯೋ ಇಳಿಕೆಯೋ ನೆಲದ ಸದ್ದೋ, ಒಳಗಿನ ಗರಿಷ್ಠ ಅಂಕಿ, ಕಿಟಕಿ ತೆರೆದಿತ್ತೇ ಮುಚ್ಚಿತ್ತೇ, ನಿದ್ರೆಯೋ ಮಾತೋ ಓದೋ ಕೆಟ್ಟಿತೇ ಎಂಬುದಿಷ್ಟು ಇದ್ದರೆ ಸಾಕು. ಎಲ್ಲ ವಿಮಾನಗಳನ್ನೂ ಬರೆಯಲು ಹೋಗಬೇಡಿ. ಇಡೀ ದಿನ ಆಕಾಶಕ್ಕೆ ಕಿವಿಗೊಟ್ಟು ಕೂತರೆ ಸದ್ದಿನ ಕಾಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬೆಳಿಗ್ಗೆ, ಸಂಜೆ, ರಾತ್ರಿ ಗೊತ್ತುಪಡಿಸಿದ ಒಂದೊಂದು ಅವಧಿಯಲ್ಲಿ ಮಾತ್ರ ಬರೆಯಿರಿ, ಎರಡು ವಾರ ಮುಗಿದ ಕೂಡಲೇ ನಿಲ್ಲಿಸಿ.

ಹೆಜ್ಜೆ 4: ಒಂದು ಕೋಣೆಯನ್ನು ಆರಿಸಿ, ಸಂದುಗಳನ್ನು ಮುಚ್ಚಿ

ವಿಮಾನಗಳು ಮನೆಯ ಒಂದು ಬದಿಯಿಂದ ಹಾದುಹೋಗುತ್ತಿದ್ದರೆ ಅವುಗಳಿಗೆ ಬೆನ್ನು ಮಾಡಿರುವ ಕೋಣೆಯಲ್ಲಿ ಸದ್ದು ಗಮನಾರ್ಹವಾಗಿ ಕಡಿಮೆ ಇರುತ್ತದೆ, ಏಕೆಂದರೆ ಕಟ್ಟಡವೇ ಅಡ್ಡಗೋಡೆಯಾಗಿ ನಿಲ್ಲುತ್ತದೆ. ನೇರ ನೆತ್ತಿಯ ಮೇಲೆ ಹಾರುತ್ತಿದ್ದರೆ ಈ ಲಾಭ ಸಿಗುವುದಿಲ್ಲ. ಆಗ ಮೇಲೆ ಇನ್ನೊಂದು ಮಹಡಿ ಇರುವ, ಕಿಟಕಿ ಚಿಕ್ಕದಿರುವ ಕೋಣೆ ಒಳ್ಳೆಯದು. ಎರಡು ವಾರದ ಅಂಕಿಗಳು ನಿಮ್ಮ ಮುಂದಿರುವುದರಿಂದ ಊಹೆಗೆ ಅವಕಾಶವಿಲ್ಲ: ಕಿಟಕಿ ಮುಚ್ಚಿದಾಗ ಯಾವ ಕೋಣೆಯಲ್ಲಿ ಅಂಕಿ ಅತಿ ಕಡಿಮೆಯೋ ಅಲ್ಲಿಗೆ ಹಾಸಿಗೆಯನ್ನು ಸಾಗಿಸಿ. ಖರ್ಚಿಲ್ಲದ ಈ ಬದಲಾವಣೆಯಿಂದ ದೊರಕುವ ಫಲ ಕೆಲವೊಮ್ಮೆ ದುಬಾರಿ ಗಾಜಿನಷ್ಟೇ ಇರುತ್ತದೆ.

ಅನಂತರದ ಕೆಲಸ ಸಂದುಗಳದ್ದು. ತಳದಲ್ಲಿ ತೂತಿರುವ ಕೊಡಕ್ಕೆ ಎಷ್ಟು ದಪ್ಪ ಲೋಹ ಬಳಸಿದರೂ ನೀರು ನಿಲ್ಲದಂತೆ, ಸಂದುಗಳನ್ನು ಬಿಟ್ಟು ಗೋಡೆ, ಗಾಜು ದಪ್ಪ ಮಾಡಿದರೆ ಪ್ರಯೋಜನವಿಲ್ಲ. ಲೆಕ್ಕ ಹೀಗಿದೆ: ಒಂದು ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಭಾಗ ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಭಾಗ ಎಷ್ಟೇ ಭದ್ರವಾಗಿದ್ದರೂ ಆ ಗೋಡೆ ಒಟ್ಟಾರೆ ಸುಮಾರು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು.

ಪರೀಕ್ಷೆ ಸುಲಭ. ಕಿಟಕಿಯ ಬಾಗಿಲು ಮತ್ತು ಚೌಕಟ್ಟಿನ ನಡುವೆ ಕಾಗದದ ಪಟ್ಟಿಯೊಂದನ್ನು ಇಟ್ಟು ಮುಚ್ಚಿ ಎಳೆಯಿರಿ. ಪಟ್ಟಿ ಸರಾಗವಾಗಿ ಜಾರಿ ಬಂದರೆ ಅಲ್ಲಿ ಸದ್ದಿಗೆ ದಾರಿಯಿದೆ. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಒಬ್ಬರು ಚೌಕಟ್ಟಿನ ಸುತ್ತ ಟಾರ್ಚ್ ಹಾಯಿಸಿದರೆ ಬೆಳಕು ನುಸುಳುವ ಜಾಗಗಳು ಕಾಣುತ್ತವೆ. ಇವುಗಳನ್ನು ಕ್ರಮವಾಗಿ ನೋಡಿ:

1. ಚೌಕಟ್ಟು ಮತ್ತು ಗೋಡೆ ಕೂಡುವ ಕಡೆ ಬಿರುಕಿದ್ದರೆ ಒಣಗಿದ ಮೇಲೂ ಬಳುಕುವ ಸೀಲೆಂಟ್ ತುಂಬಿಸಿ. ಆಳವಾದ ಪೊಳ್ಳಿದ್ದರೆ ಮೊದಲು ಗಾರೆಯಿಂದ ತುಂಬಿ ಅನಂತರ ಸೀಲೆಂಟ್ ಹಾಕಬೇಕು.
2. ತೆರೆದು ಮುಚ್ಚುವ ಅಂಚುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ. ಹಗುರವಾದ ಸ್ಪಂಜಿನ ಪಟ್ಟಿ ಬೇಗ ಚಪ್ಪಟೆಯಾಗುತ್ತದೆ, ಒತ್ತಿದರೆ ಮತ್ತೆ ಉಬ್ಬುವ ರಬ್ಬರ್ ಬಾಳಿಕೆ ಬರುತ್ತದೆ. ಪಟ್ಟಿ ಹಾಕಿದ ಮೇಲೆ ಚಿಲಕವು ಬಾಗಿಲನ್ನು ಬಿಗಿಯಾಗಿ ಎಳೆದು ಹಿಡಿಯಬೇಕು.
3. ಜಾರು ಕಿಟಕಿಗಳು ಸ್ವಭಾವತಃ ಸಡಿಲವಾಗಿರುತ್ತವೆ. ಅವುಗಳ ಬ್ರಷ್ ಪಟ್ಟಿ ಗಾಳಿಯನ್ನು ತಡೆಯಬಹುದು, ಸದ್ದನ್ನು ಅಷ್ಟಾಗಿ ತಡೆಯದು.
4. ಕೋಣೆಯ ಬಾಗಿಲಿನ ತಳದ ಸಂದಿಗೆ ತಾನೇ ಕೆಳಗಿಳಿದು ಕೂರುವ ಸೀಲ್ ಸಿಗುತ್ತದೆ. ಪೊಳ್ಳು ಬಾಗಿಲಿದ್ದರೆ ಗಟ್ಟಿ ಹಲಗೆಯದಕ್ಕೆ ಬದಲಿಸಬಹುದು.
5. ಏರ್ ಕಂಡಿಷನರ್ ಕೊಳವೆ, ವೈರು ಹಾಯಿಸಿದ ರಂಧ್ರ, ಬಳಕೆಯಲ್ಲಿಲ್ಲದ ಗಾಳಿಕಿಂಡಿ, ಇವುಗಳನ್ನು ಮರೆಯುವವರೇ ಹೆಚ್ಚು. ಕಿಟಕಿಯಲ್ಲೇ ಕೂರಿಸುವ ಏರ್ ಕಂಡಿಷನರ್ ಇರುವವರೆಗೆ ಆ ಕೋಣೆ ನಿಶ್ಶಬ್ದವಾಗುವ ಆಸೆ ಇಟ್ಟುಕೊಳ್ಳಬೇಡಿ.

ಗೋಡೆಗೆ ಅಂಟಿಸುವ ಸ್ಪಂಜಿನ ಫಲಕಗಳ ಬಗ್ಗೆ ಒಂದು ಮಾತು. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತವೆ. ಹೊರಗಿನ ಸದ್ದನ್ನು ಒಳಗೆ ಬಾರದಂತೆ ತಡೆಯುವ ಭಾರ ಅವಕ್ಕಿಲ್ಲ. ದಪ್ಪ ಪರದೆ, ರತ್ನಗಂಬಳಿಗಳದ್ದೂ ಇದೇ ಕಥೆ. ಅಂಗಳದ ಮರ, ಎತ್ತರದ ಕಾಂಪೌಂಡ್ ಗೋಡೆ ರಸ್ತೆಯ ಸದ್ದಿಗೆ ಅಷ್ಟಿಷ್ಟು ನೆರವಾಗಬಹುದು, ಮೇಲಿನಿಂದ ಬೀಳುವ ಸದ್ದಿಗೆ ಅವು ಅಡ್ಡವೇ ಅಲ್ಲ.

ಹೆಜ್ಜೆ 5: ಕಿಟಕಿ, ಅನಂತರ ಛಾವಣಿ

ತೆರೆದ ಕಿಟಕಿಯಿರುವ ಕೋಣೆ ಹೊರಗಿನ ಸದ್ದನ್ನು ಸುಮಾರು 10ರಿಂದ 15 ಡೆಸಿಬೆಲ್ ತಗ್ಗಿಸುತ್ತದೆ. ಸಾಧಾರಣ ಒಂಟಿ ಗಾಜಿನ ಕಿಟಕಿಯನ್ನು ಸರಿಯಾಗಿ ಮುಚ್ಚಿದರೆ ಸುಮಾರು 25. ಇದಕ್ಕಿಂತ ಮುಂದೆ ಹೋಗಬೇಕಾದರೆ ಎರಡು ದಾರಿಗಳಿವೆ.

ಮೊದಲನೆಯದು ಗಾಜನ್ನೇ ಬದಲಿಸುವುದು. ಮಾರಾಟಗಾರರು ಮುಂದಿಡುವ ಎರಡು ಪದರದ ಗಾಜು ಬಹುತೇಕ ಶಾಖ ತಡೆಯಲೆಂದು ರೂಪಿಸಿದ್ದು. ಸಮಾನ ದಪ್ಪದ ಎರಡು ಗಾಜುಗಳ ನಡುವೆ ಒಂದು ಸೆಂಟಿಮೀಟರಿನ ಆಸುಪಾಸಿನ ಕಿರಿದಾದ ಗಾಳಿಯ ಪದರವಿದ್ದಾಗ, ತಗ್ಗು ಕಂಪನಾಂಕದ ಸದ್ದಿಗೆ ಆ ಮೂರೂ ಸೇರಿ ಒಟ್ಟಿಗೇ ಕಂಪಿಸತೊಡಗಿ, ವಿಮಾನದ ಗುಡುಗನ್ನು ತಡೆಯುವಲ್ಲಿ ಒಂಟಿ ಗಾಜಿಗಿಂತ ಹೆಚ್ಚೇನೂ ಮೇಲೆನಿಸುವುದಿಲ್ಲ. ಸದ್ದಿಗಾಗಿ ಗಾಜು ಕೊಳ್ಳುವವರು ಎರಡು ಬೇರೆ ಬೇರೆ ದಪ್ಪದ ಗಾಜುಗಳಿರುವ, ಅವುಗಳಲ್ಲಿ ಕನಿಷ್ಠ ಒಂದಾದರೂ ನಡುವೆ ಪ್ಲಾಸ್ಟಿಕ್ ಪೊರೆಯುಳ್ಳ ಲ್ಯಾಮಿನೇಟೆಡ್ ಗಾಜಾಗಿರುವ ಜೋಡಣೆಯನ್ನು ಕೇಳಬೇಕು. ದಪ್ಪ ಬೇರೆಯಾದಾಗ ಒಂದು ಗಾಜು ಸೋಲುವ ಕಂಪನಾಂಕದಲ್ಲಿ ಇನ್ನೊಂದು ನಿಲ್ಲುತ್ತದೆ; ಪೊರೆ ಕಂಪನವನ್ನು ಹೀರುತ್ತದೆ.

ಎರಡನೆಯ ದಾರಿ ಈಗಿರುವ ಕಿಟಕಿಯನ್ನು ಹಾಗೆಯೇ ಬಿಟ್ಟು, ಒಳಬದಿಯಲ್ಲಿ ಇನ್ನೊಂದು ಸ್ವತಂತ್ರ ಕಿಟಕಿಯನ್ನು ಕೂರಿಸುವುದು. ನನ್ನ ಮತ ಇದಕ್ಕೇ. ಎರಡರ ನಡುವೆ ಕನಿಷ್ಠ 100 ಮಿಲಿಮೀಟರ್ ಅಂತರವಿರಲಿ, 150ರಿಂದ 200 ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಚೌಕಟ್ಟುಗಳು ಒಂದಕ್ಕೊಂದು ತಗಲಬಾರದು. ನಡುವಿನ ಪಕ್ಕಗಳಿಗೆ ಸದ್ದು ಹೀರುವ ವಸ್ತುವನ್ನು ಹೊದಿಸಿದರೆ ಒಳ್ಳೆಯದು. ಸಂದುಗಳನ್ನು ಸರಿಯಾಗಿ ಮುಚ್ಚಿ ಹೀಗೆ ಮಾಡಿದ ಕಿಟಕಿ ಸುಮಾರು 40 ಡೆಸಿಬೆಲ್‌ವರೆಗೆ ತಡೆಯಬಲ್ಲದು. ಬಾಡಿಗೆ ಮನೆಯಲ್ಲಿರುವವರಿಗೂ ಇದು ಅನುಕೂಲ, ಏಕೆಂದರೆ ಮಾಲೀಕರ ಕಿಟಕಿಗೆ ಕೈ ಹಾಕಬೇಕಿಲ್ಲ, ಬಿಟ್ಟು ಹೋಗುವಾಗ ಕಳಚಿಕೊಂಡೂ ಹೋಗಬಹುದು. ತುರ್ತಿನಲ್ಲಿ ಹೊರಬರಲು ಬೇಕಾಗುವ ಕಿಟಕಿಯನ್ನು ಮಾತ್ರ ತೆರೆಯಲು ಬಾರದಂತೆ ಬಂದ್ ಮಾಡಬೇಡಿ.

ಕಿಟಕಿ ಮುಚ್ಚಿದರೆ ಗಾಳಿಯ ಪ್ರಶ್ನೆ ಬರುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಳಗೆ ಸದ್ದು ಹೀರುವ ವಸ್ತು ಹೊದಿಸಿ, ಗಾಳಿಯನ್ನು ಬಳಸು ದಾರಿಯಲ್ಲಿ ಒಳತರುವ ವೆಂಟಿಲೇಟರ್‌ಗಳು ಸಿಗುತ್ತವೆ. ಇಲ್ಲವಾದರೆ ಮನೆಯ ನಿಶ್ಶಬ್ದ ಬದಿಯಿಂದ ಫ್ಯಾನ್ ಮೂಲಕ ಗಾಳಿ ತರಬಹುದು. ಗ್ಯಾಸಿನ ಗೀಸರ್, ಹೀಟರ್ ಅಥವಾ ಯಾವುದೇ ಉರಿಯುವ ಉಪಕರಣ ಇರುವ ಜಾಗದ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ರಸ್ತೆಯ ಸದ್ದಿಗೂ ವಿಮಾನದ ಸದ್ದಿಗೂ ಇರುವ ದೊಡ್ಡ ವ್ಯತ್ಯಾಸ ಛಾವಣಿ. ಕಾಂಕ್ರೀಟ್ ಚಪ್ಪಡಿಯ ಮನೆಯವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಆ ಭಾರವೇ ಸಾಕಷ್ಟು ತಡೆಯುತ್ತದೆ. ಹೆಂಚು ಅಥವಾ ತಗಡಿನ ಛಾವಣಿಯ ಮನೆಯಲ್ಲಿ ಕಿಟಕಿಗೆ ಎಷ್ಟೇ ಖರ್ಚು ಮಾಡಿದರೂ ಸದ್ದು ಮೇಲಿನಿಂದ ಸುರಿಯುತ್ತದೆ. ಅಲ್ಲಿ ಒಳಗಿನಿಂದ ಎರಡು ಪದರ ಜಿಪ್ಸಮ್ ಬೋರ್ಡಿನ ಒಳಮಾಳಿಗೆ ಮಾಡಿಸಿ, ಮೇಲಿನ ಪೊಳ್ಳಿನಲ್ಲಿ ಖನಿಜ ಉಣ್ಣೆ ಹಾಸಬೇಕು. ಬೋರ್ಡುಗಳ ಕೂಡಿಕೆಗಳು ಒಂದರ ಮೇಲೊಂದು ಬೀಳದಂತೆ ಜೋಡಿಸಿ, ಸುತ್ತಲ ಅಂಚನ್ನು ಸೀಲೆಂಟಿನಿಂದ ಮುಚ್ಚಬೇಕು. ಆಮೇಲೆ ಅದೇ ಒಳಮಾಳಿಗೆಯಲ್ಲಿ ಒಂದು ಡಜನ್ ದೀಪಗಳಿಗೆ ತೂತು ಕೊರೆಸಿದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

ಹೆಜ್ಜೆ 6: ನಿದ್ರೆಯನ್ನು ಕಾಪಾಡಿಕೊಳ್ಳಿ

ಮಲಗುವ ಕೋಣೆಯ ಒಳಗೆ ರಾತ್ರಿಯ ಸರಾಸರಿ 30, ಒಂದೊಂದೇ ಸದ್ದಿನ ಗರಿಷ್ಠ 45 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. ಕಾಮಗಾರಿಯ ಗುರಿಯಾಗಿ ಈ 45 ಅನ್ನು ಇಟ್ಟುಕೊಳ್ಳಬಹುದು. ಗುರಿ ಮುಟ್ಟದಿದ್ದರೆ ಇಯರ್‌ಪ್ಲಗ್ ಇದ್ದೇ ಇದೆ, ಆದರೆ ಅದನ್ನು ಸರಿಯಾಗಿ ಹಾಕುವವರು ವಿರಳ. ಸ್ಪಂಜಿನ ಇಯರ್‌ಪ್ಲಗ್ಗನ್ನು ಸ್ವಚ್ಛವಾದ ಬೆರಳುಗಳಲ್ಲಿ ಸುಕ್ಕಿಲ್ಲದ ತೆಳು ಕಡ್ಡಿಯಂತೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಿರಿ. ಪ್ಲಗ್ಗನ್ನು ಒಳಗೆ ಸೇರಿಸಿ, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ. ಪೊಟ್ಟಣದ ಮೇಲೆ ಬರೆದಿರುವ ಅಂಕಿ ಪ್ರಯೋಗಾಲಯದ್ದು. ಮನೆಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆಯೇ ಸಿಗುತ್ತದೆ. ಬೆಂಕಿಯ ಅಲಾರಾಂ ಕೇಳಿಸುತ್ತದೆಯೇ ಎಂದು ಹಾಕಿಕೊಂಡೇ ಪರೀಕ್ಷಿಸಿ. ಕಿವಿ ನೋವು, ಸೋರುವಿಕೆ ಇರುವವರು ಬಳಸಬಾರದು, ಚಿಕ್ಕ ಮಕ್ಕಳಿಗೆ ಕೊಡಲೇಬಾರದು.

ಫ್ಯಾನಿನ ಅಥವಾ ಮಳೆಯ ಸದ್ದಿನಂಥ ಏಕತಾನದ ಹಿನ್ನೆಲೆ ಸದ್ದು ವಿಮಾನವನ್ನು ಅಳಿಸುವುದಿಲ್ಲ. ಅದು ನಿಶ್ಶಬ್ದಕ್ಕೂ ವಿಮಾನದ ಸದ್ದಿಗೂ ನಡುವಿನ ಜಿಗಿತವನ್ನು ಚಿಕ್ಕದು ಮಾಡುತ್ತದೆ. ನಮ್ಮನ್ನು ಎಬ್ಬಿಸುವುದು ಬಹುಮಟ್ಟಿಗೆ ಆ ಜಿಗಿತ. ಹಾಗೆಂದು ಹಿನ್ನೆಲೆ ಸದ್ದನ್ನೇ ಜೋರು ಮಾಡಿದರೆ ಒಂದು ಸದ್ದಿನ ಜಾಗಕ್ಕೆ ಇನ್ನೊಂದು ಬಂತು ಅಷ್ಟೆ. ಮಗುವಿನ ಕೋಣೆಯಲ್ಲಾದರೆ ಉಪಕರಣವನ್ನು ತೊಟ್ಟಿಲಿನಿಂದ ಆದಷ್ಟು ದೂರ ಇಟ್ಟು, ಸದ್ದನ್ನು ಕನಿಷ್ಠಕ್ಕೆ ಇಳಿಸಿ.

ಮಲಗುವ ಹೊತ್ತನ್ನು ನಿಲ್ದಾಣದ ವೇಳಾಪಟ್ಟಿಗೆ ಹೊಂದಿಸುವುದೂ ಒಂದು ಉಪಾಯ. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ, ಫ್ರಾಂಕ್‌ಫರ್ಟಿನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಹಾರಾಟಕ್ಕೆ ನಿರ್ಬಂಧವಿದೆ. ಇಂಥ ನಿಯಮವಿರುವ ಕಡೆ ಆ ಅವಧಿಯನ್ನು ನಿದ್ರೆಯಿಂದ ಪೂರ್ತಿ ತುಂಬಿಕೊಳ್ಳುವುದು ಜಾಣತನ. ನಿಯಮವಿಲ್ಲದ ಕಡೆಯೂ ನಿಮ್ಮ ದಾಖಲೆಯಲ್ಲಿ ಬಿಡುವಿನ ಹೊತ್ತೊಂದು ಕಂಡೇ ಕಾಣುತ್ತದೆ. ಮುಂಜಾವದ ನಿದ್ರೆ ಹಗುರವಾಗಿರುವುದರಿಂದ ದಿನದ ಮೊದಲ ವಿಮಾನಗಳೇ ಹೆಚ್ಚಿನವರನ್ನು ಎಬ್ಬಿಸುತ್ತವೆ. ಅರ್ಧ ಗಂಟೆ ಬೇಗ ಮಲಗುವುದು ಎದ್ದ ಮೇಲೆ ಮತ್ತೆ ನಿದ್ರೆಗಾಗಿ ಹೆಣಗುವುದಕ್ಕಿಂತ ಲೇಸು.

ರಕ್ತದೊತ್ತಡದ ಮೇಲೂ ಕಣ್ಣಿಡಿ. ಯುರೋಪಿನ ಆರು ವಿಮಾನ ನಿಲ್ದಾಣಗಳ ಸುತ್ತಲಿನ ನಿವಾಸಿಗಳ ಕುರಿತು 2008ರಲ್ಲಿ ಪ್ರಕಟವಾದ ‘ಹೈನಾ’ ಅಧ್ಯಯನದಲ್ಲಿ, ರಾತ್ರಿಯ ವಿಮಾನ ಸದ್ದು 10 ಡೆಸಿಬೆಲ್ ಏರಿದಂತೆ ಅಧಿಕ ರಕ್ತದೊತ್ತಡದ ಸಂಭವ ಸುಮಾರು ಶೇಕಡ 14ರಷ್ಟು ಹೆಚ್ಚಿದ್ದುದು ಕಂಡುಬಂತು. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಹೆದರುವ ಅಂಕಿಯಲ್ಲ, ಆಗಾಗ ತಪಾಸಣೆ ಮಾಡಿಸಿಕೊಳ್ಳಲು ಸಾಕಾದಷ್ಟು ಕಾರಣ ಮಾತ್ರ.

ಹೆಜ್ಜೆ 7: ಮಕ್ಕಳ ಓದು, ಮನೆಯಿಂದ ಕೆಲಸ

ಮ್ಯೂನಿಕ್ ನಗರದ ಹಳೆಯ ವಿಮಾನ ನಿಲ್ದಾಣ 1992ರಲ್ಲಿ ಮುಚ್ಚಿ ಹೊಸದು ಬೇರೆಡೆ ತೆರೆದಾಗ, ಎರಡೂ ಕಡೆಯ ಮಕ್ಕಳನ್ನು ಬದಲಾವಣೆಗೆ ಮೊದಲೂ ಅನಂತರವೂ ಪರೀಕ್ಷಿಸುವ ಅಪರೂಪದ ಅವಕಾಶ ಸಂಶೋಧಕರಿಗೆ ಸಿಕ್ಕಿತು. ಹಳೆಯ ನಿಲ್ದಾಣದ ಬಳಿಯ ಮಕ್ಕಳ ದೀರ್ಘಕಾಲದ ನೆನಪು ಮತ್ತು ಓದು ಸುಧಾರಿಸಿದವು. ಹೊಸದರ ಬಳಿಯ ಮಕ್ಕಳಲ್ಲಿ ಅವೇ ಸಾಮರ್ಥ್ಯಗಳು ಕುಂದಿದವು. ಕೆಡುಕು ಮರಳಿ ಸರಿಹೋಗಬಲ್ಲದು ಎಂಬುದು ಇದರಲ್ಲಿ ತಂದೆತಾಯಿಗಳಿಗೆ ಸಮಾಧಾನದ ಸಂಗತಿ. ಮಕ್ಕಳ ಓದಿನ ಮೇಜನ್ನು ಭದ್ರಪಡಿಸಿದ ಕೋಣೆಯಲ್ಲೇ ಇಡಿ. ಗಟ್ಟಿಯಾಗಿ ಓದಿಸುವುದು, ಪಾಠ ಹೇಳಿಕೊಡುವುದು ಬಿಡುವಿನ ಹೊತ್ತಿನಲ್ಲಿರಲಿ. ಮಗು ಹೆಚ್ಚು ಹೊತ್ತು ಕಳೆಯುವ ಶಾಲೆಯೂ ಅದೇ ಹಾರಾಟದ ದಾರಿಯ ಕೆಳಗಿದ್ದರೆ, ತರಗತಿಯ ಕಿಟಕಿಗಳ ವಿಚಾರವನ್ನು ಪೋಷಕರ ಸಭೆಯಲ್ಲಿ ಎತ್ತಬೇಕು.

ದೊಡ್ಡವರ ಕೆಲಸಕ್ಕೆ ಸದ್ದು ಅಳಿಸುವ ಹೆಡ್‌ಫೋನ್ ಉಪಯುಕ್ತ. ಅದು ಒಂದು ಕಿಲೋಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು, ಅಂದರೆ ಗೋಡೆ ದಾಟಿ ಬರುವ ಎಂಜಿನ್ನಿನ ಮೊರೆತವನ್ನೇ ಚೆನ್ನಾಗಿ ಅಳಿಸುತ್ತದೆ.

ಹೆಜ್ಜೆ 8: ನಿಲ್ದಾಣದೊಂದಿಗೆ ಮಾತಾಡಿ

ಮನೆಯೊಳಗೆ ಮಾಡಬಹುದಾದದ್ದಕ್ಕೆ ಮಿತಿಯಿದೆ. ಅಂಗಳಕ್ಕೆ, ಬಾಲ್ಕನಿಗೆ ಗಾಜು ಹಾಕಲಾಗದು. ಹೊರಗಿನ ಸದ್ದನ್ನು ಇಳಿಸಬಲ್ಲವರು ನಿಲ್ದಾಣ, ವಿಮಾನ ಸಂಚಾರ ನಿಯಂತ್ರಣ ಮತ್ತು ಸರ್ಕಾರ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ಸಮತೋಲಿತ ನೀತಿಯಲ್ಲಿ ನಾಲ್ಕು ಅಂಶಗಳಿವೆ: ವಿಮಾನಗಳನ್ನೇ ನಿಶ್ಶಬ್ದಗೊಳಿಸುವುದು, ಸುತ್ತಲಿನ ಭೂಬಳಕೆಯ ಯೋಜನೆ, ಹಾರಾಟದ ವಿಧಾನ, ಮತ್ತು ಕೊನೆಯ ಉಪಾಯವಾಗಿ ಹಾರಾಟಕ್ಕೆ ನಿರ್ಬಂಧ. ನಿವಾಸಿಗಳ ಬೇಡಿಕೆ ಹೆಚ್ಚಾಗಿ ನಾಲ್ಕನೆಯದಕ್ಕೇ ನೇರವಾಗಿ ಹಾರುತ್ತದೆ ಮತ್ತು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೇಗ ಫಲ ಕೊಡುವುದು ಮೂರನೆಯದು.

ಕೇಳಬಹುದಾದದ್ದನ್ನು ಹೆಸರಿಟ್ಟು ಕೇಳಿ. ಏರುವ ವಿಮಾನಗಳಿಗೆ ಎರಡು ಮಾನ್ಯ ವಿಧಾನಗಳಿವೆ: ಒಂದು ರನ್‌ವೇಗೆ ಹತ್ತಿರದ ಮನೆಗಳಿಗೆ, ಇನ್ನೊಂದು ದೂರದ ಮನೆಗಳಿಗೆ ಸದ್ದು ತಗ್ಗಿಸುತ್ತದೆ; ನಿಮ್ಮ ನಿಲ್ದಾಣದಲ್ಲಿ ಯಾವುದು ಜಾರಿಯಲ್ಲಿದೆ? ಇಳಿಯುವ ವಿಮಾನಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯದೆ ನಿರಂತರವಾಗಿ ಇಳಿಯುವ ಕ್ರಮ ಎಷ್ಟು ಪಾಲು ಪಾಲನೆಯಾಗುತ್ತಿದೆ? ನಿಂತ ವಿಮಾನಗಳು ಸಹಾಯಕ ಎಂಜಿನ್ ನಿಲ್ಲಿಸಿ ನೆಲದ ವಿದ್ಯುತ್ ಬಳಸುತ್ತವೆಯೇ? ಎಂಜಿನ್ ಪರೀಕ್ಷೆಗೆ ರಾತ್ರಿ ನಿಷೇಧವಿದೆಯೇ? ಲಂಡನ್ನಿನ ಹೀಥ್ರೋದಲ್ಲಿ ಪಶ್ಚಿಮಕ್ಕೆ ಇಳಿಯುವ ದಿನಗಳಲ್ಲಿ ಮಧ್ಯಾಹ್ನ 3 ಗಂಟೆಗೆ ರನ್‌ವೇ ಬದಲಿಸಿ, ಎರಡೂ ಕಡೆಯವರಿಗೆ ದಿನದ ಅರ್ಧ ಭಾಗ ಬಿಡುವು ಕೊಡುವ ಪದ್ಧತಿಯಿದೆ. ಎರಡು ಸಮಾನಾಂತರ ರನ್‌ವೇಗಳಿರುವ ಕಡೆ ಇಂಥದ್ದನ್ನು ಕೇಳುವುದು ಅತಿಯಾಸೆಯಲ್ಲ.

ಒಂದು ಎಚ್ಚರಿಕೆ. ಉಪಗ್ರಹ ಆಧಾರಿತ ನಿಖರ ಮಾರ್ಗಗಳು ಬಂದ ಮೇಲೆ, ಮೊದಲು ಅಗಲವಾಗಿ ಹರಡಿಕೊಳ್ಳುತ್ತಿದ್ದ ವಿಮಾನಗಳು ಒಂದೇ ಕಿರಿದಾದ ಸಾಲಿನಲ್ಲಿ ಸಾಗುತ್ತವೆ. ಆ ಸಾಲಿನ ಕೆಳಗಿರುವವರಿಗೆ ಎಡೆಬಿಡದ ಸದ್ದು. ಅಮೆರಿಕದ ಫೀನಿಕ್ಸ್ ನಗರದಲ್ಲಿ 2014ರಲ್ಲಿ ಹೀಗೆ ಮಾರ್ಗ ಬದಲಾದಾಗ ನಗರಾಡಳಿತ ಮತ್ತು ನಿವಾಸಿಗಳು ನ್ಯಾಯಾಲಯಕ್ಕೆ ಹೋಗಿ 2017ರಲ್ಲಿ ಗೆದ್ದರು. ಮಾರ್ಗ ಬದಲಾವಣೆಯ ಪ್ರಸ್ತಾಪ ಬಂದಾಗಲೇ ಆಕ್ಷೇಪಣೆ ಸಲ್ಲಿಸುವುದು ಸುಲಭ, ಜಾರಿಯಾದ ಮೇಲೆ ಕಷ್ಟ. ‘ವಿಮಾನಗಳನ್ನು ಆ ಕಡೆಗೆ ಕಳಿಸಿ’ ಎಂಬ ಬೇಡಿಕೆ ಬರೆಯುವ ಮುನ್ನ ಆ ಕಡೆಯೂ ಜನರು ಮಲಗಿರುತ್ತಾರೆ ಎಂಬುದನ್ನು ನೆನೆಯುವುದು ಒಳ್ಳೆಯದು.

ದೂರಿನಲ್ಲಿ ಕೋಪ ಕಡಿಮೆ, ಹೊತ್ತು ಮತ್ತು ಜಾಗ ನಿಖರವಾಗಿ ಇರಲಿ. ಒಬ್ಬರೇ ದಿನಕ್ಕೆ ಹತ್ತು ದೂರು ಕಳಿಸಿದರೆ ಅವು ಒಬ್ಬರ ಲೆಕ್ಕಕ್ಕೇ ಸೇರುತ್ತವೆ. ಒಂದೇ ಬೀದಿಯ ಹತ್ತು ಮನೆಗಳು ಒಂದೇ ಬಗೆಯ ದಾಖಲೆಯೊಂದಿಗೆ ಒಂದು ದೂರು ಕೊಟ್ಟರೆ ಅದು ಸಭೆಯ ಮೇಜಿಗೆ ಬರುತ್ತದೆ. ಗಾಜು, ಛಾವಣಿಗೆ ನೆರವು ನೀಡುವ ಯೋಜನೆ ಇದೆಯೇ ಎಂದು ಕಾಮಗಾರಿ ಶುರುಮಾಡುವ ಮೊದಲೇ ವಿಚಾರಿಸಿ, ಏಕೆಂದರೆ ಮುಗಿದ ಕೆಲಸಕ್ಕೆ ಹಿಂದಿನ ದಿನಾಂಕದ ನೆರವು ಸಿಗುವುದು ಅಪರೂಪ.

ಹೊಸ ಮನೆ ನೋಡುವಾಗ

ಮನೆ ಬದಲಿಸುವ ಯೋಚನೆಯಿದ್ದರೆ ನಕ್ಷೆಯಲ್ಲಿ ರನ್‌ವೇಯ ಗೆರೆಯನ್ನು ಎರಡೂ ತುದಿಗಳಿಂದ ಹತ್ತು ಹನ್ನೆರಡು ಕಿಲೋಮೀಟರ್ ಮುಂದಕ್ಕೆ ಎಳೆಯಿರಿ. ಇಳಿಯುವ ವಿಮಾನಗಳ ಸದ್ದು ಆ ಗೆರೆಯ ಎರಡೂ ಬದಿಯಲ್ಲಿ ಬೇಗ ಕ್ಷೀಣಿಸುತ್ತದೆ, ಆದ್ದರಿಂದ ಗೆರೆಯ ಮೇಲಿರುವ ಮನೆಗೂ ಪಕ್ಕಕ್ಕೆ ಒಂದೆರಡು ಕಿಲೋಮೀಟರ್ ಸರಿದ ಮನೆಗೂ ಅಜಗಜಾಂತರ. ಮನೆ ತೋರಿಸುವವರು ಹೇಳಿದ ಹೊತ್ತಿಗೆ ಮಾತ್ರ ಹೋಗಬೇಡಿ. ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ, ಮತ್ತು ಗಾಳಿ ತಿರುಗಿದ ದಿನ ಒಮ್ಮೆ ಹೋಗಿ. ಗಾಳಿ ತಿರುಗುವವರೆಗೆ ಕಾಯಲು ಆಗದಿದ್ದರೆ ಫ್ಲೈಟ್‌ರೇಡಾರ್24ನಲ್ಲಿ ಕಳೆದ ದಿನಗಳ ಹಾರಾಟವನ್ನು ಹಿಂದಕ್ಕೆ ಓಡಿಸಿ ನೋಡಬಹುದು. ಹೊಸ ರನ್‌ವೇ ಅಥವಾ ವಿಸ್ತರಣೆಯ ಯೋಜನೆ ಇದೆಯೇ ಎಂದು ನಿಲ್ದಾಣದ ಮಹಾಯೋಜನೆಯಲ್ಲಿ ಹುಡುಕಿ. ದುರಸ್ತಿಗಾಗಿ ರನ್‌ವೇಯೊಂದು ಮುಚ್ಚಿರುವ ತಿಂಗಳುಗಳಲ್ಲಿ ನೋಡಿದ ಮನೆ ನಿಶ್ಶಬ್ದವಾಗಿ ಕಂಡರೆ, ಆ ದುರಸ್ತಿ ಯಾವಾಗ ಮುಗಿಯುತ್ತದೆ ಎಂದು ಕೇಳಿಯೇ ಮುಂಗಡ ಕೊಡಿ.